ವಿಮಾನ ಕಂಪನಿಗಳ ಸದಸ್ಯ ಸಂಖ್ಯೆ: ಅಂಕಿ ಎಷ್ಟು, ಜನ ಎಷ್ಟು?

ವಿದ್ಯಾನಗರದ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಮ್ಮ ದಾವಣಗೆರೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಆದರೂ ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ಬೀದಿಬೀದಿಗೂ ಸಿಗುತ್ತವೆ. ಅಂಥ ಮನೆಗಳಲ್ಲಿ ಒಂದು ಡೈರಿ ಇದ್ದೇ ಇರುತ್ತದೆ. ಪಾಸ್‌ಪೋರ್ಟ್ ನಂಬರ್, ವೀಸಾ ಮುಗಿಯುವ ತಾರೀಖು, ಅದರ ಕೆಳಗೆ ಒಂದೊಂದು ವಿಮಾನ ಕಂಪನಿಯ ಸದಸ್ಯ ಸಂಖ್ಯೆ. ಹಾರಿದಾಗ ಖಾತೆಗೆ ಮೈಲು ಅನ್ನುವ ಪಾಯಿಂಟ್ ಸೇರಿ, ಮುಂದೆ ಟಿಕೆಟ್‌ಗೆ ಬಳಸಬಹುದಾದ ಯೋಜನೆಯ ಸಂಖ್ಯೆ ಅದು.

ನಮ್ಮ ಮನೆ ಡೈರಿಯ ಆ ಪುಟ ಇವತ್ತು ಕೂತು ನೋಡಿದೆ. ಡೆಲ್ಟಾದ ಸ್ಕೈಮೈಲ್ಸ್‌ಗೆ 10 ಅಂಕಿ. ಸಿಂಗಪುರ್ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್‌ಗೂ 10, ಅದು 8ರಿಂದ ಶುರುವಾಗುತ್ತದೆ. ಎಮಿರೇಟ್ಸ್ ಸ್ಕೈವರ್ಡ್ಸ್‌ಗೆ 9. ಬ್ರಿಟಿಷ್ ಏರ್‌ವೇಸ್‌ಗೆ 8. ಲುಫ್ತಾನ್ಸಾದವರ ಮೈಲ್ಸ್ ಅಂಡ್ ಮೋರ್‌ಗೆ ಬರೋಬ್ಬರಿ 15. ಅಮೆರಿಕನ್ ಏರ್‌ಲೈನ್ಸಿನ ಎಅಡ್ವಾಂಟೇಜ್ ಮಾತ್ರ ಅಕ್ಷರ, ಅಂಕಿ ಎರಡೂ ಬೆರೆಸಿ 7ಕ್ಕೇ ಮುಗಿಸಿದೆ. ಯುನೈಟೆಡ್‌ನದು ಮೊದಲು ಅಕ್ಷರ, ಆಮೇಲೆ ಅಂಕಿ, ಒಟ್ಟು 8.

ಗಣಿತ ಪಾಠ ಮಾಡಿದವನಿಗೆ ಇದನ್ನು ನೋಡಿ ಸುಮ್ನೆ ಇರೋಕೆ ಆಗುವುದಿಲ್ಲ. ಉದ್ದ ನಂಬರ್ ಇದ್ದ ಕಂಪನಿಗೆ ಸದಸ್ಯರು ಜಾಸ್ತಿ ಅಂತ ತಿಳಿಯಬಹುದಾ? ನಿಜವಾಗಿ ಯಾರಿಗೆ ಎಷ್ಟು ಸದಸ್ಯರಿದ್ದಾರೆ? ಆ ಲೆಕ್ಕ ನಮ್ಮಂಥ ವರ್ಷಕ್ಕೊಮ್ಮೆ ಹಾರುವವರಿಗೆ ಏನಾದರೂ ಉಪಯೋಗಕ್ಕೆ ಬರುತ್ತದಾ? ತಿಳಿದವರು ಹೇಳಿ.

ಕೋಟೆನಾಡಿನ ಹುಡುಗಿ:
ಮೇಷ್ಟ್ರೇ, ಉದ್ದ ನೋಡಿ ಹೇಳೋಕೆ ಆಗಲ್ಲ. ಲೆಕ್ಕ ಹಾಕಿದರೆ ತಲೆಕೆಳಗೇ ಆಗುತ್ತದೆ. 10 ಅಂಕಿಯಲ್ಲಿ ಒಟ್ಟು 1,000 ಕೋಟಿ ಬೇರೆ ಬೇರೆ ನಂಬರ್ ಮಾಡಬಹುದು. ಆದರೆ 26 ಅಕ್ಷರ, 10 ಅಂಕಿ ಎಲ್ಲವನ್ನೂ ಎಲ್ಲ ಜಾಗದಲ್ಲೂ ಬಳಸುವುದಾದರೆ 7 ಜಾಗ ಸಾಕು, 7,836 ಕೋಟಿ ಆಗುತ್ತದೆ. 36 ಅನ್ನು ಏಳು ಸಲ ಗುಣಿಸಿ ನೋಡಿ. ಅಂದರೆ ಗಿಡ್ಡ ನಂಬರ್‌ನಲ್ಲೇ ಜಾಗ ಜಾಸ್ತಿ.

ಯುನೈಟೆಡ್‌ನದು ಮೂರು ಅಕ್ಷರ, ಐದು ಅಂಕಿ ಅಂತ ಹಿಡಿದರೆ ಸುಮಾರು 175 ಕೋಟಿ. ಬ್ರಿಟಿಷ್ ಏರ್‌ವೇಸ್‌ನ 8 ಅಂಕಿಗೆ 10 ಕೋಟಿ. ಲುಫ್ತಾನ್ಸಾದ 15 ಅಂಕಿಗೆ 1,000 ಲಕ್ಷ ಕೋಟಿ. ಭೂಮಿ ಮೇಲೆ ಇರುವುದೇ 800 ಕೋಟಿ ಜನ. ಹಾಗಾಗಿ ನಂಬರಿನ ಉದ್ದ ಜನರನ್ನು ಎಣಿಸಿ ಇಟ್ಟಿದ್ದಲ್ಲ. ಶುರು ಮಾಡಿದಾಗ ಅವರ ಕಂಪ್ಯೂಟರ್ ವ್ಯವಸ್ಥೆ ಹೇಗಿತ್ತೋ ಹಾಗೆ ಬಂದಿದೆ.

ಮಂಡಿಪೇಟೆ ಅಂಗಡಿ:
ಹಾಗಾದರೆ ಇನ್ನೊಂದು ದಾರಿ ಇದೆಯಲ್ಲ ತಂಗಿ. ಇವತ್ತು ಹೊಸದಾಗಿ ಸೇರಿದವರ ನಂಬರ್ ನೋಡಿದರೆ ಆಯ್ತು. ನಮ್ಮ ಅಂಗಡಿ ಬಿಲ್ ಪುಸ್ತಕದಲ್ಲಿ ಕೊನೆಯ ಬಿಲ್ ನಂಬರ್ ನೋಡಿದರೆ ಎಷ್ಟು ವ್ಯಾಪಾರ ಆಯ್ತು ಅಂತ ಗೊತ್ತಾಗುತ್ತದೆ, ಅಲ್ವಾ?

ವಿದ್ಯಾನಗರದ ಮೇಷ್ಟ್ರು:
ಒಳ್ಳೆ ಮಾತು ಕೇಳಿದಿರಿ. ಇದೇ ಯೋಚನೆ ಮೇಲೆ ಎರಡನೇ ಮಹಾಯುದ್ಧದಲ್ಲಿ ದೊಡ್ಡ ಕೆಲಸ ನಡೆದಿದೆ. ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ಮಾಡುತ್ತಿದೆ ಅಂತ ಮಿತ್ರಪಕ್ಷದವರಿಗೆ ಗೊತ್ತಾಗಬೇಕಿತ್ತು. ಗೂಢಚಾರರ ಅಂದಾಜು ಒಂದು ಕಡೆ. ಇನ್ನೊಂದು ಕಡೆ ಸಂಖ್ಯಾಶಾಸ್ತ್ರದವರು ಸಿಕ್ಕಿಬಿದ್ದ ಟ್ಯಾಂಕ್‌ಗಳ ಭಾಗಗಳ ಮೇಲಿದ್ದ ಕ್ರಮಸಂಖ್ಯೆ ಬರೆದುಕೊಂಡು ಲೆಕ್ಕ ಹಾಕಿದರು. 1942ರ ಆಗಸ್ಟ್ ತಿಂಗಳಿಗೆ ಗೂಢಚಾರರ ಅಂದಾಜು 1,550. ಕ್ರಮಸಂಖ್ಯೆಯ ಲೆಕ್ಕ 327. ಯುದ್ಧ ಮುಗಿದ ಮೇಲೆ ಜರ್ಮನಿಯದೇ ದಾಖಲೆ ತೆಗೆದರು. ಇದ್ದದ್ದು 342!

ಸೂತ್ರವೂ ಸುಲಭ. ಸಿಕ್ಕಿದ್ದರಲ್ಲಿ ಅತಿ ದೊಡ್ಡ ನಂಬರ್ ತೆಗೆದುಕೊಳ್ಳಿ. ಅದನ್ನು ಎಷ್ಟು ನಂಬರ್ ಸಿಕ್ಕಿದೆಯೋ ಅದರಿಂದ ಭಾಗಿಸಿ. ಎರಡನ್ನೂ ಕೂಡಿಸಿ 1 ಕಳೆಯಿರಿ. ಐದು ನಂಬರ್ ಸಿಕ್ಕಿ ದೊಡ್ಡದು 100 ಆಗಿದ್ದರೆ, 100ಕ್ಕೆ 20 ಕೂಡಿಸಿ 1 ಕಳೆದರೆ 119. ಒಟ್ಟು ಸುಮಾರು ಅಷ್ಟು ಇರಬೇಕು ಅಂತ.

ಹತ್ತನೇ ಕ್ಲಾಸಿನ ಮಕ್ಕಳಿಗೂ ಇದನ್ನು ಹೇಳಿಕೊಡಬಹುದು. ಇಂಥದ್ದು ಕೇಳಿದರೆ ಗಣಿತ ಅಂದರೆ ಹೆದರುವ ಹುಡುಗರ ಮುಖವೂ ಅರಳುತ್ತದೆ.

ಕೋಟೆನಾಡಿನ ಹುಡುಗಿ:
ಸೂತ್ರ ಚೆನ್ನಾಗಿದೆ ಮೇಷ್ಟ್ರೇ. ಆದರೆ ನಂಬರ್ 1ರಿಂದ ಶುರುವಾಗಿ ಒಂದೂ ಬಿಡದೆ ಸಾಲಾಗಿ ಹೋದರೆ ಮಾತ್ರ ಅದು ನಡೆಯುತ್ತದೆ. ಇಲ್ಲಿ ಹಾಗಿಲ್ಲ.

ಒಂದು ಕಾರಣ, ಕೆಲವು ನಂಬರ್‌ಗಳಲ್ಲಿ ಕೊನೆಯ ಅಂಕಿ ತಪಾಸಣೆಗೆ ಅಂತಲೇ ಇರುತ್ತದೆ. ಅದು ಲೆಕ್ಕದಿಂದ ಬರುವ ಅಂಕಿ. ಬ್ಯಾಂಕ್ ಕಾರ್ಡ್‌ಗಳಲ್ಲಿ ಇರುವುದು ಐಬಿಎಂನ ಹಾನ್ಸ್ ಪೀಟರ್ ಲೂನ್ ಕಂಡುಹಿಡಿದ ವಿಧಾನ, 1960ರಲ್ಲಿ ಪೇಟೆಂಟ್ ಸಿಕ್ಕಿತು. 184 ಅನ್ನುವ ನಂಬರ್ ತೆಗೆದುಕೊಳ್ಳಿ. ಬಲದಿಂದ ಶುರು ಮಾಡಿ ಒಂದು ಬಿಟ್ಟು ಒಂದನ್ನು ಎರಡರಷ್ಟು ಮಾಡಿ. 4 ಹೋಗಿ 8, ಮಧ್ಯದ 8 ಹಾಗೇ, 1 ಹೋಗಿ 2. ಕೂಡಿದರೆ 18. ಮುಂದಿನ ಹತ್ತಕ್ಕೆ ಅಂದರೆ 20ಕ್ಕೆ 2 ಬೇಕು. ಹಾಗಾಗಿ ಪೂರ್ತಿ ನಂಬರ್ 1842. ಯಾರಾದರೂ 8 ಮತ್ತು 4 ಅದಲುಬದಲು ಮಾಡಿ 1482 ಅಂತ ಹೊಡೆದರೆ ಲೆಕ್ಕ ಕೂಡುವುದಿಲ್ಲ. ಎರಡರಷ್ಟು ಮಾಡಿದ್ದು 9 ದಾಟಿದರೆ ಅದರ ಅಂಕಿಗಳನ್ನು ಕೂಡಬೇಕು, 16 ಬಂದರೆ 7. ಹಾಗೆ ಮಾಡಿದರೆ ಮೊತ್ತ 15 ಬರುತ್ತದೆ, 20 ಅಲ್ಲ. ಕಂಪ್ಯೂಟರ್ ಅಲ್ಲೇ ತಡೆಯುತ್ತದೆ. ನಮ್ಮ ಆಧಾರ್‌ನ 12 ಅಂಕಿಯಲ್ಲೂ ಕೊನೆಯದು ತಪಾಸಣೆ ಅಂಕಿಯೇ. ಅದು ವೆರ್‌ಹಾಫ್ ಅನ್ನುವ ಡಚ್ ಗಣಿತಜ್ಞರ ಬೇರೆ ವಿಧಾನ.

ತಪಾಸಣೆ ಅಂಕಿ ಒಂದು ಬಂತು ಅಂದರೆ ಹತ್ತು ನಂಬರಲ್ಲಿ ಒಂದೇ ಚಾಲ್ತಿ. ಆಗಲೇ ಬಿಲ್ ಪುಸ್ತಕದ ಲೆಕ್ಕ ತಪ್ಪಿತು.

ಚಳ್ಳಕೆರೆ ತಮ್ಮ:
ಅಕ್ಕ, ಕಂಪನಿಗಳು ಒಂದರೊಳಗೊಂದು ಸೇರಿದಾಗಲೂ ನಂಬರ್ ಬದಲಾಗುತ್ತದೆ. ಯುನೈಟೆಡ್‌ನದು ಮೊದಲು 11 ಅಂಕಿ ಇತ್ತು. ಕಾಂಟಿನೆಂಟಲ್ ಕಂಪನಿ ಅದರ ಜೊತೆ ಸೇರಿದ ಮೇಲೆ ಕಾಂಟಿನೆಂಟಲ್‌ನ ಒನ್‌ಪಾಸ್ ನಂಬರಿನ ರೀತಿಯನ್ನೇ ಎಲ್ಲರಿಗೂ ಇಟ್ಟುಕೊಂಡರು. ಅಕ್ಷರ, ಅಂಕಿ ಬೆರೆಸಿದ 8 ಬಂದದ್ದು ಅಲ್ಲಿಂದ. ಹೆಸರು ಒಬ್ಬರದು ಉಳಿಯಿತು, ನಂಬರ್ ಇನ್ನೊಬ್ಬರದು.

ಹರಿಹರದ ಬ್ಯಾಂಕಿನವರು:
ನಂಬರ್ ವಿಷಯ ಚೆನ್ನಾಗಿ ಹೇಳಿದಿರಿ. ನಾನು ಜನರ ವಿಷಯಕ್ಕೆ ಬರುತ್ತೇನೆ.

ಸದಸ್ಯರು ಎಷ್ಟು ಅಂತ ಕಂಪನಿಗಳು ಬಾಯಿಬಿಟ್ಟು ಹೇಳುವ ಒಂದು ಸಂದರ್ಭ ಸಾಲ ಕೇಳುವಾಗ. 2020ರಲ್ಲಿ ಕೊರೊನಾ ಬಂದು ವಿಮಾನ ನಿಂತವು. ಅಡ ಇಡೋಕೆ ವಿಮಾನಗಳಿಗೆ ಆಗ ಬೆಲೆ ಎಲ್ಲಿತ್ತು? ಆಗ ಯುನೈಟೆಡ್ ಕಂಪನಿ ತನ್ನ ಮೈಲೇಜ್‌ಪ್ಲಸ್ ಯೋಜನೆಯನ್ನೇ ಅಡ ಇಟ್ಟು 680 ಕೋಟಿ ಡಾಲರ್ ಎತ್ತಿತು. ಡೆಲ್ಟಾ ಸ್ಕೈಮೈಲ್ಸ್ ಮೇಲೆ 900 ಕೋಟಿ ಡಾಲರ್ ತಂದಿತು. 2021ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಎಅಡ್ವಾಂಟೇಜ್ ಮೇಲೆ 1,000 ಕೋಟಿ ಡಾಲರ್. ಹೀಗೆ ಸಾಲ ಎತ್ತಿದಾಗ ಹೊರಬಿದ್ದ ಲೆಕ್ಕ ಏನೆಂದರೆ, ಮೂರಕ್ಕೂ ತಲಾ 10 ಕೋಟಿಗಿಂತ ಜಾಸ್ತಿ ಸದಸ್ಯರು.

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಇದು ತಟ್ಟನೆ ಅರ್ಥ ಆಗುತ್ತದೆ. ಆ ಕಂಪನಿಗಳು ಮೈಲುಗಳನ್ನು ಕ್ರೆಡಿಟ್ ಕಾರ್ಡ್ ಕೊಡುವ ಬ್ಯಾಂಕ್‌ಗಳಿಗೆ ಮಾರುತ್ತವೆ. ಬ್ಯಾಂಕ್ ಅದನ್ನು ಕಾರ್ಡ್ ಬಳಸುವವರಿಗೆ ಹಂಚುತ್ತದೆ. ವಿಮಾನ ನೆಲದ ಮೇಲೆ ನಿಂತಿದ್ದರೂ ಜನ ಕಾರ್ಡ್ ಉಜ್ಜುತ್ತಲೇ ಇರುತ್ತಾರೆ, ದುಡ್ಡು ಬರುತ್ತಲೇ ಇರುತ್ತದೆ. ಸಾಲ ಕೊಟ್ಟವರು ನೋಡಿದ್ದು ಆ ಆದಾಯವನ್ನು.

ಈಗ ಮೇಷ್ಟ್ರ ರೀತಿಯಲ್ಲೇ ಒಂದು ಲೆಕ್ಕ. ಮೂರೂ ಸೇರಿ 30 ಕೋಟಿಗೂ ಮೇಲೆ ಖಾತೆ. ಅಮೆರಿಕದ ಜನಸಂಖ್ಯೆ 2020ರ ಜನಗಣತಿಯಲ್ಲಿ ಸುಮಾರು 33 ಕೋಟಿ. ಅಂದರೆ ಹಾಲು ಕುಡಿಯುವ ಕೂಸನ್ನೂ ಸೇರಿಸಿ ಹೆಚ್ಚುಕಡಿಮೆ ತಲೆಗೊಂದು ಖಾತೆ. ಹೊರದೇಶದ ಸದಸ್ಯರೂ ಅದರಲ್ಲಿದ್ದಾರೆ ಅನ್ನಿ. ಆದರೂ ಒಬ್ಬರೇ ಎರಡು ಮೂರು ಕಡೆ ಸೇರಿರುವುದು, ಒಂದು ಸಲ ಹಾರಿ ಮರೆತದ್ದು, ಎಲ್ಲ ಸೇರಿಯೇ ಆ ಸಂಖ್ಯೆ ಆಗಿದೆ. ನಮ್ಮಲ್ಲೂ ಉಳಿತಾಯ ಖಾತೆ ತೆರೆದು ವರ್ಷಗಟ್ಟಲೆ ತಿರುಗಿ ನೋಡದವರು ಎಷ್ಟು ಜನ ಇದ್ದರು! ಸದಸ್ಯರ ಸಂಖ್ಯೆ ಅಂದರೆ ತೆರೆದ ಖಾತೆ. ಹಾರುವವರ ಸಂಖ್ಯೆ ಬೇರೆ.

ಮಂಡಿಪೇಟೆ ಅಂಗಡಿ:
ಬೇರೆ ದೇಶದವರದ್ದು?

ಹರಿಹರದ ಬ್ಯಾಂಕಿನವರು:
ಎಮಿರೇಟ್ಸ್ ಸ್ಕೈವರ್ಡ್ಸ್ 3 ಕೋಟಿ ದಾಟಿದೆ. ಮೈಲ್ಸ್ ಅಂಡ್ ಮೋರ್ ಕೂಡ 3 ಕೋಟಿಗೂ ಜಾಸ್ತಿ. ನನಗೆ ತುಂಬ ಆಶ್ಚರ್ಯ ಆಗುವುದು ಆಸ್ಟ್ರೇಲಿಯಾದ ಕ್ವಾಂಟಾಸ್. ಅಲ್ಲಿಯ ಜನಸಂಖ್ಯೆಯೇ ಸುಮಾರು 2.7 ಕೋಟಿ. ಕ್ವಾಂಟಾಸ್ ಯೋಜನೆಯ ಸದಸ್ಯರು 1.5 ಕೋಟಿಗೂ ಮೇಲೆ. ಅಲ್ಲಿ ದಿನಸಿ ಕೊಂಡರೂ ಕ್ವಾಂಟಾಸ್ ಪಾಯಿಂಟ್ ಸಿಗುವ ವ್ಯವಸ್ಥೆ ಇದೆ. ವಿಮಾನ ಹತ್ತದವರೂ ಸೇರಿಕೊಳ್ಳುತ್ತಾರೆ.

ಪಿ.ಜೆ. ಬಡಾವಣೆ ಅಕ್ಕ:
ಸದಸ್ಯರು ಜಾಸ್ತಿ ಇದ್ದರೆ ಯೋಜನೆ ಗಟ್ಟಿಯಾಗಿ ಉಳಿಯುತ್ತದೆ ಅಂತ ನನ್ನ ಅಭಿಪ್ರಾಯ. ಅದಕ್ಕೇ ದೊಡ್ಡ ಕಂಪನಿಗೇ ಸೇರಬೇಕು. ಸಣ್ಣವರು ಮುಚ್ಚಿಕೊಂಡು ಹೋದರೆ ನಮ್ಮ ಮೈಲು ಯಾರನ್ನು ಕೇಳೋದು?

ಚಳ್ಳಕೆರೆ ತಮ್ಮ:
ಅಕ್ಕ, ಜೆಟ್ ಏರ್‌ವೇಸ್ ನೆನಪಿಸಿಕೊಳ್ಳಿ. ಜೆಟ್‌ಪ್ರಿವಿಲೇಜ್‌ಗೆ ಒಂದು ಕೋಟಿ ಸದಸ್ಯರಿದ್ದರು. 2019ರ ಏಪ್ರಿಲ್ 17ಕ್ಕೆ ವಿಮಾನ ನಿಂತವು. ಯೋಜನೆ ಮಾತ್ರ ಬೇರೆ ಕಂಪನಿಯಾಗಿತ್ತು, ಅದರಲ್ಲಿ ಅಬುಧಾಬಿಯ ಎತಿಹಾದ್ ವಿಮಾನ ಕಂಪನಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪಾಲಿತ್ತು. ಅದಕ್ಕೇ ಅದೇ ವರ್ಷ ಇಂಟರ್‌ಮೈಲ್ಸ್ ಅಂತ ಹೆಸರು ಬದಲಿಸಿಕೊಂಡು ಮುಂದುವರಿಯಿತು. ಮೈಲು ಉಳಿಯಿತು, ಹಾರೋಕೆ ಆ ಕಂಪನಿಯ ವಿಮಾನವೇ ಇರಲಿಲ್ಲ. ನಮ್ಮ ಬೆಂಗಳೂರಿನ ಕಿಂಗ್‌ಫಿಶರ್‌ದೂ ಹಾಗೇ, 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಾಗ ಕಿಂಗ್ ಕ್ಲಬ್ ಸದಸ್ಯರು ಕೈಚೆಲ್ಲಿ ಕೂತರು.

ವಿಸ್ತಾರದ್ದು ಚೆನ್ನಾಗಿ ನಡೆಯಿತು ಅಂತ ಹೇಳಬೇಕು. 2024ರ ನವೆಂಬರ್ 12ರಂದು ಏರ್ ಇಂಡಿಯಾ ಜೊತೆ ಸೇರಿತು, ಕ್ಲಬ್ ವಿಸ್ತಾರ ಸದಸ್ಯರನ್ನು ಏರ್ ಇಂಡಿಯಾ ಯೋಜನೆಗೆ ವರ್ಗಾಯಿಸಿದರು. ಈಗ ಅದರ ಹೆಸರು ಮಹಾರಾಜ ಕ್ಲಬ್.

ಪಿ.ಜೆ. ಬಡಾವಣೆ ಅಕ್ಕ:
ಒಪ್ಪಿದೆ ತಮ್ಮ. ಆದರೆ ಅಮೆರಿಕದ ಆ ಮೂರು 1981ರಿಂದ ನಡೆದುಕೊಂಡು ಬಂದಿವೆ. ಡೆಲ್ಟಾ, ಯುನೈಟೆಡ್ ಮೈಲುಗಳಿಗೆ ಅವಧಿ ಮುಗಿಯುವ ಗೊಡವೆಯೇ ಇಲ್ಲ. ಕ್ರಿಸ್‌ಫ್ಲೈಯರ್ ಮೈಲು ಮೂರು ವರ್ಷಕ್ಕೆ ಹೋಗುತ್ತದೆ. ನಮ್ಮಂಥವರು ಮಗಳ ಬಾಣಂತನಕ್ಕೆ ಒಂದು ಸಲ ಹೋದರೆ ಮತ್ತೆ ಹೋಗುವುದು ಯಾವಾಗಲೋ. ಅವಧಿ ಇಲ್ಲದ್ದೇ ನಮಗೆ ಒಳ್ಳೆಯದು.

ವಿದ್ಯಾನಗರದ ಮೇಷ್ಟ್ರು:
ಇದು ಸರಿಯಾದ ಹೋಲಿಕೆ. ಸದಸ್ಯರ ಸಂಖ್ಯೆಗಿಂತ ಅವಧಿ ಎಷ್ಟು ಅನ್ನುವ ಸಂಖ್ಯೆ ನಮಗೆ ಬೇಕಾದದ್ದು.

ಟಿಕೆಟ್ ಬುಕಿಂಗ್, ಹದಡಿ ರಸ್ತೆ:
ಎಲ್ಲರಿಗೂ ನಮಸ್ಕಾರ. ದಿನಾ ಟಿಕೆಟ್ ಮಾಡುವವನಾಗಿ ಒಂದು ಮಾತು ಒತ್ತಿ ಹೇಳಬೇಕು. ಯಾವ ಯೋಜನೆಗೆ ಎಷ್ಟು ಕೋಟಿ ಜನ ಅನ್ನುವುದು ಇರಲಿ. ನಿಮ್ಮ ಒಂದು ನಂಬರ್ ಸರಿಯಾಗಿ ಕೂತಿದೆಯಾ ಅಂತ ಮೊದಲು ನೋಡಿ. ನಮ್ಮ ಕಡೆಯವರ ಮೈಲು ಹೋಗುವುದು ಹೆಸರಿನಿಂದ.

ನಮ್ಮಲ್ಲಿ ಮನೆತನದ ಹೆಸರು ಬರೆಯುವ ರೂಢಿ ಎಲ್ಲರಿಗೂ ಇಲ್ಲ. ಊರು, ಅಪ್ಪನ ಹೆಸರು, ಎರಡು ಇನಿಷಿಯಲ್, ಆಮೇಲೆ ತಮ್ಮ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗ ಖಾಲಿ ಬಿಟ್ಟಿರುತ್ತಾರೆ. ಅಮೆರಿಕದ ವೀಸಾ ಬಂದಾಗ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ) ಅಂತ ಬರುತ್ತದೆ. ಟಿಕೆಟ್‌ನಲ್ಲಿ ಒಂದು ಕಂಪನಿಯವರು ಹೆಸರನ್ನೇ ಎರಡು ಸಲ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಎಫ್‌ಎನ್‌ಯು ಹಾಕಿ ಅನ್ನುತ್ತಾರೆ. ಇತ್ತ ಮಗ ಆನ್‌ಲೈನಲ್ಲಿ ಅಮ್ಮನ ಸದಸ್ಯತ್ವ ಮಾಡುವಾಗ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿರುತ್ತಾನೆ. ಮೂರು ಕಡೆ ಮೂರು ಹೆಸರು.

ನಾವು ಬುಕಿಂಗ್ ಪರದೆಯಲ್ಲಿ ಸದಸ್ಯ ಸಂಖ್ಯೆ ಹೊಡೆದ ಕೂಡಲೇ ಅದು ಟಿಕೆಟ್ ಹೆಸರಿಗೂ ಖಾತೆ ಹೆಸರಿಗೂ ತಾಳೆ ನೋಡುತ್ತದೆ. ಹೊಂದದಿದ್ದರೆ ತಗೊಳ್ಳುವುದಿಲ್ಲ. ಟಿಕೆಟ್ ಹೆಸರು ಪಾಸ್‌ಪೋರ್ಟ್ ಪ್ರಕಾರವೇ ಇರಬೇಕು, ಅದನ್ನು ಮುಟ್ಟೋ ಹಾಗಿಲ್ಲ. ಹಾಗಾಗಿ ಸದಸ್ಯತ್ವದ ಹೆಸರನ್ನು ಟಿಕೆಟ್‌ಗೆ ಹೊಂದಿಸಬೇಕು. ಇದನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಿ.

ಬೋರ್ಡಿಂಗ್ ಪಾಸ್ ಕೈಗೆ ಬಂದಾಗ ಅಲ್ಲೇ ನೋಡಿ. ಸದಸ್ಯ ಸಂಖ್ಯೆ ಅದರ ಮೇಲೆ ಅಚ್ಚಾಗಿರುತ್ತದೆ, ಜೊತೆಗೆ ಕಂಪನಿಯ ಎರಡಕ್ಷರದ ಕೋಡ್. ಏರ್ ಇಂಡಿಯಾ ಆದರೆ ಎಐ, ಸಿಂಗಪುರ್ ಆದರೆ ಎಸ್‌ಕ್ಯೂ. ಇಲ್ಲದಿದ್ದರೆ ಕೌಂಟರಿನಲ್ಲೇ ಹಾಕಿಸಿ. ಹೆಸರಿಗೆ ಅಂಟಿಕೊಂಡು ಎಂಆರ್‌ಎಸ್ ಅಂತ ಇದ್ದರೆ ಗಾಬರಿ ಬೇಡ, ಅದು ವ್ಯವಸ್ಥೆಯೇ ಹಾಗೆ.

ಮಂಡಿಪೇಟೆ ಅಂಗಡಿ:
ಬೋರ್ಡಿಂಗ್ ಪಾಸ್ ಪ್ರಯಾಣ ಮುಗಿದ ಮೇಲೆ ಬಿಸಾಕಬಹುದಾ?

ಟಿಕೆಟ್ ಬುಕಿಂಗ್, ಹದಡಿ ರಸ್ತೆ:
ಮೈಲು ಖಾತೆಗೆ ಬರುವ ತನಕ ಬೇಡ ಅಣ್ಣ. ಬರದಿದ್ದರೆ ಕ್ಲೇಮ್ ಮಾಡುವಾಗ ಅದೇ ಕೇಳುತ್ತಾರೆ. ಬಂದ ಮೇಲೆ ಹರಿದು ಬಿಸಾಕಿ.

ಕೋಟೆನಾಡಿನ ಹುಡುಗಿ:
ಹರಿದೇ ಬಿಸಾಕಿ, ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಆ ಬಾರ್‌ಕೋಡ್ ಒಳಗೆ ಹೆಸರು, ಬುಕಿಂಗ್ ನಂಬರ್, ಸದಸ್ಯ ಸಂಖ್ಯೆ ಎಲ್ಲ ಇರುತ್ತದೆ. ಫೋನಿನಲ್ಲಿ ಸಿಗುವ ಸಾಮಾನ್ಯ ಆ್ಯಪ್‌ನಲ್ಲೇ ಓದಬಹುದು.

ಸದಸ್ಯ ಸಂಖ್ಯೆ ಎಷ್ಟು ಕಡೆ ಓಡಾಡುತ್ತದೆ ಅನ್ನುವುದು 2021ರಲ್ಲಿ ಗೊತ್ತಾಯಿತು. ಸೀಟಾ ಅನ್ನುವ ಕಂಪನಿ ಹಲವು ವಿಮಾನ ಕಂಪನಿಗಳ ಪ್ರಯಾಣಿಕರ ಮಾಹಿತಿ ನೋಡಿಕೊಳ್ಳುತ್ತದೆ. ಅಲ್ಲಿ ಕನ್ನ ಬಿತ್ತು. ಏರ್ ಇಂಡಿಯಾದ ಸುಮಾರು 45 ಲಕ್ಷ ಜನರ ಮಾಹಿತಿ ಹೋಯಿತು. ಸಿಂಗಪುರ್ ಏರ್‌ಲೈನ್ಸ್ ಸೀಟಾದ ಆ ಸೇವೆ ಬಳಸುತ್ತಲೇ ಇರಲಿಲ್ಲ. ಆದರೂ 5.8 ಲಕ್ಷ ಕ್ರಿಸ್‌ಫ್ಲೈಯರ್ ಸದಸ್ಯರ ನಂಬರ್ ಹೊರಬಿತ್ತು. ಯಾಕೆ ಅಂದರೆ ಸ್ಟಾರ್ ಅಲಯನ್ಸ್ ಅನ್ನುವ ಕೂಟದ ವಿಮಾನ ಕಂಪನಿಗಳು ವಿಶೇಷ ದರ್ಜೆಯ ಸದಸ್ಯರ ನಂಬರ್, ದರ್ಜೆ ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತವೆ. ಲುಫ್ತಾನ್ಸಾ ಕೌಂಟರಿನಲ್ಲಿ ನಿಂತವರು ಸಿಂಗಪುರದ ಗೋಲ್ಡ್ ಸದಸ್ಯರು ಅಂತ ತಿಳಿಯಬೇಕಲ್ಲ, ಅದಕ್ಕೆ. ಪಾಸ್‌ವರ್ಡ್‌ಗಳು ಹೋಗಲಿಲ್ಲ ಅನ್ನುವುದು ಸಮಾಧಾನ.

ಹೊಳಲ್ಕೆರೆ ಅಮ್ಮ:
ಎಲ್ಲ ಓದಿದೆ. ನನ್ನದು ಒಂದೇ ಪ್ರಶ್ನೆ. ಮುಂದಿನ ತಿಂಗಳು ನಾವಿಬ್ಬರೂ ಮಗನ ಹತ್ತಿರ ಹೋಗುತ್ತಿದ್ದೇವೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ತನಕ ಲುಫ್ತಾನ್ಸಾ. ಅಲ್ಲಿಂದ ಯುನೈಟೆಡ್. ಮಗ ಎರಡಕ್ಕೂ ಬೇರೆ ಬೇರೆ ಸದಸ್ಯತ್ವ ಮಾಡಿಸು ಅನ್ನುತ್ತಾನೆ. ನಮ್ಮ ಹತ್ತಿರ ಏರ್ ಇಂಡಿಯಾದ್ದು ಹಳೇದು ಒಂದು ಇದೆ. ಯಾವುದು ಹಾಕಿಸೋದು?

ಟಿಕೆಟ್ ಬುಕಿಂಗ್, ಹದಡಿ ರಸ್ತೆ:
ಅಮ್ಮ, ಮೂರೂ ಸ್ಟಾರ್ ಅಲಯನ್ಸ್‌ನಲ್ಲೇ ಇವೆ. ಏರ್ ಇಂಡಿಯಾ 2014ರ ಜುಲೈನಲ್ಲಿ ಸೇರಿತು. ಎರಡೂ ವಿಮಾನಕ್ಕೆ ಒಂದೇ ನಂಬರ್ ಹಾಕಿಸಬಹುದು. ಒಂದು ಪ್ರಯಾಣದ ಮೈಲು ಒಂದು ಕಡೆಗೆ ಮಾತ್ರ ಹೋಗುತ್ತದೆ, ಎರಡು ಕಡೆ ಹಂಚಿದರೆ ಎರಡರಲ್ಲೂ ಚೂರುಪಾರು ಉಳಿಯುತ್ತದೆ. ಎಮಿರೇಟ್ಸ್, ಇಂಡಿಗೋ ಆಗಿದ್ದರೆ ಮಾತು ಬೇರೆ, ಅವು ಯಾವ ಕೂಟದಲ್ಲೂ ಇಲ್ಲ.

ಯಾವುದಕ್ಕೆ ಅನ್ನುವುದು ಮುಂದೆ ಏನು ಮಾಡುತ್ತೀರಿ ಅನ್ನುವುದರ ಮೇಲೆ. ದೆಹಲಿ, ಮುಂಬೈ, ಕಾಶಿಗೆ ಏರ್ ಇಂಡಿಯಾದಲ್ಲಿ ಓಡಾಡುವುದಿದ್ದರೆ ಮಹಾರಾಜ ಕ್ಲಬ್ ಖಾತೆಗೇ ಹಾಕಿಸಿ. ಮತ್ತೆ ಹೋಗುವುದು ಯಾವಾಗಲೋ ಅನ್ನುವುದಾದರೆ ಪಿ.ಜೆ. ಬಡಾವಣೆ ಅಕ್ಕ ಹೇಳಿದ ಹಾಗೆ ಯುನೈಟೆಡ್. ಟಿಕೆಟ್‌ನ ಬುಕಿಂಗ್ ಕ್ಲಾಸ್ ಅಕ್ಷರ, ಅಂದರೆ ಅದು ಯಾವ ದರದ್ದು ಅಂತ ತೋರಿಸುವ ಅಕ್ಷರ, ಒಂದು ನೋಡಬೇಕು. ತೀರಾ ಕಡಿಮೆ ದರದ ಕ್ಲಾಸ್ ಆಗಿದ್ದರೆ ಬೇರೆ ಕಂಪನಿಯ ಯೋಜನೆಗೆ ಮೈಲು ಬರದೇ ಇರಬಹುದು.

ಹೊಳಲ್ಕೆರೆ ಅಮ್ಮ:
ನಮ್ಮ ಪಾಸ್‌ಪೋರ್ಟಿನಲ್ಲೂ ಸರ್‌ನೇಮ್ ಖಾಲಿ ಇದೆ ಕಣಪ್ಪ. ಹಳೇ ಖಾತೆಯಲ್ಲಿ ನಮ್ಮ ಯಜಮಾನರ ಹೆಸರು ಸೇರಿಸಿ ಬರೆದಿದ್ದಾರೆ.

ಟಿಕೆಟ್ ಬುಕಿಂಗ್, ಹದಡಿ ರಸ್ತೆ:
ಹಾಗಾದರೆ ಮೊದಲು ಅದನ್ನು ಸರಿ ಮಾಡಿಸಿ ಅಮ್ಮ. ಖಾತೆಗೆ ಸೇರಿಸಿದ ಇಮೇಲ್‌ನಿಂದಲೇ ಪಾಸ್‌ಪೋರ್ಟ್ ಪ್ರತಿ ಹಾಕಿ ಹೆಸರು ತಿದ್ದಿ ಅಂತ ಬರೆಯಬೇಕು. ಒಂದು ತಿಂಗಳು ಇದೆಯಲ್ಲ, ಇವತ್ತೇ ಬರೆಸಿ. ಟಿಕೆಟ್‌ನಲ್ಲಿ ಹೆಸರು ಹೇಗೆ ಬಂದಿದೆಯೋ ಅಕ್ಷರಕ್ಷರ ಹಾಗೇ ಇರಬೇಕು ಅಂತ ಹೇಳಿ. ಯಜಮಾನರದ್ದು ಬೇರೆ ಖಾತೆ, ಒಬ್ಬರ ನಂಬರ್ ಇನ್ನೊಬ್ಬರ ಟಿಕೆಟ್‌ಗೆ ಆಗುವುದಿಲ್ಲ.

ಹೊಳಲ್ಕೆರೆ ಅಮ್ಮ:
ಆಯ್ತಪ್ಪ. ಮಗನಿಗೆ ಈಗಲೇ ಕಳಿಸಿದೆ. ಹೆಸರು ಸರಿ ಆದ ಮೇಲೆ ಆ ಒಂದು ನಂಬರನ್ನೇ ಎರಡೂ ವಿಮಾನಕ್ಕೆ ಹಾಕಿಸು ಅಂತ ಬರೆದಿದ್ದೇನೆ.

ವಿದ್ಯಾನಗರದ ಮೇಷ್ಟ್ರು:
ನಾನೂ ಇವತ್ತು ಸಂಜೆ ಡೈರಿಯ ಎಲ್ಲ ನಂಬರಿನ ಪಕ್ಕದಲ್ಲಿ ಖಾತೆಯಲ್ಲಿರುವ ಹೆಸರನ್ನೂ, ಮೈಲು ಮುಗಿಯುವ ತಾರೀಖನ್ನೂ ಬರೆಯುತ್ತೇನೆ. ಹದಡಿ ರಸ್ತೆಯವರೇ, ಟ್ಯಾಂಕ್ ಲೆಕ್ಕ ಬೇಕಾದವರಿಗೆ ಸೂತ್ರ ಬಿಡಿಸಿ ಬರೆದು ಇಲ್ಲೇ ಹಾಕುತ್ತೇನೆ, ನಿಮ್ಮ ಮಕ್ಕಳಿಗೆ ತೋರಿಸಿ.